ಕೆಟ್ಟ ಫ್ರಿಜ್ಜು: ರಿಪೇರಿಯೋ, ಹೊಸದೋ?



ಎತ್ತು ಕುಂಟಿದ ಕೂಡಲೇ ಅದನ್ನು ಸಂತೆಗೆ ಹೊಡೆದುಕೊಂಡು ಹೋಗುವ ರೈತನಿಲ್ಲ. ಮೊದಲು ಕಾಲೆತ್ತಿ ನೋಡುತ್ತಾನೆ. ಮುಳ್ಳು ಚುಚ್ಚಿದೆಯೋ, ಲಾಳ ಸಡಿಲವಾಗಿದೆಯೋ, ಮೂಳೆಯೇ ಮುರಿದಿದೆಯೋ ಎಂದು ತಿಳಿದ ಮೇಲೆ ಮುಂದಿನ ಮಾತು. ಮನೆಯ ಫ್ರಿಜ್ಜು ಕೆಟ್ಟಾಗ ಮಾತ್ರ ಈ ವಿವೇಕವನ್ನು ನಾವು ಮರೆಯುತ್ತೇವೆ. ಮೆಕ್ಯಾನಿಕ್ಕು ‘ಗ್ಯಾಸ್ ಹೋಗಿದೆ’ ಎಂದರೆ ಹಣ ಎಣಿಸುತ್ತೇವೆ. ಅಂಗಡಿಯವರು ‘ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರಿ’ ಎಂದರೆ ಕಂತಿನ ಕಾಗದಕ್ಕೆ ಸಹಿ ಹಾಕುತ್ತೇವೆ. ಯಾವ ಭಾಗ ಕೆಟ್ಟಿದೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ತಂಗಳು ಪೆಟ್ಟಿಗೆ ಎಂದು ತಮಾಷೆಗೆ ಕರೆಸಿಕೊಂಡ ಈ ಸಾಮಾನು ಇಂದು ತಂಗಳನ್ನಷ್ಟೇ ಕಾಯುತ್ತಿಲ್ಲ. ಕೋಳಿಗಳ ಲಸಿಕೆ, ಸಕ್ಕರೆ ಕಾಯಿಲೆಯ ಹಿರಿಯರ ಇನ್ಸುಲಿನ್ ಸಹ ಅದರೊಳಗಿರುತ್ತವೆ. ಆದುದರಿಂದ ಫ್ರಿಜ್ಜು ಅರೆಬರೆ ತಣ್ಣಗಾಗುತ್ತಿದೆ ಎಂದು ಕಂಡ ದಿನವೇ ಈ ಔಷಧಗಳನ್ನು ನೆರೆಮನೆಯ ಒಳ್ಳೆಯ ಫ್ರಿಜ್ಜಿಗೆ ಸಾಗಿಸತಕ್ಕದ್ದು. ಲಸಿಕೆಗಳೂ ತೆರೆಯದ ಇನ್ಸುಲಿನ್ ಸೀಸೆಗಳೂ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಹಾಲು ಕೆಟ್ಟರೆ ಮೂಗಿಗೆ ತಿಳಿಯುತ್ತದೆ. ಔಷಧದ ಸತ್ವ ಹೋದರೆ ಹೊರಗೆ ಯಾವ ಗುರುತೂ ಕಾಣದಿರಬಹುದು. ಬೆಚ್ಚಗಾದ ಔಷಧವನ್ನು ವೈದ್ಯರನ್ನು ಅಥವಾ ಪಶುವೈದ್ಯರನ್ನು ಕೇಳದೆ ಬಳಸಬೇಡಿ.

ಇನ್ನು ಪರೀಕ್ಷೆ. ಫ್ರಿಜ್ಜಿನ ಹಿಂದೆ ಕೆಳಗಡೆ ಕಪ್ಪು ಗಡಿಗೆಯಂತೆ ಕಾಣುವುದೇ ಕಂಪ್ರೆಸರು. ಅದು ಗುಂಯ್ ಎಂದು ಹೊರಟು, ಟಿಕ್ ಎಂದು ನಿಂತು, ಕೆಲವು ನಿಮಿಷದ ಮೇಲೆ ಮತ್ತೆ ಹಾಗೆಯೇ ಮಾಡುತ್ತಿದ್ದರೆ ಮೊದಲು ಅನುಮಾನಿಸಬೇಕಾದುದು ವೋಲ್ಟೇಜನ್ನು. ನಮ್ಮ ಮನೆಗಳಿಗೆ ಬರಬೇಕಾದುದು 230 ವೋಲ್ಟು. ಸಂಜೆ ಊರಿನ ಪಂಪುಗಳೂ ದೀಪಗಳೂ ಒಟ್ಟಿಗೆ ಹೊತ್ತಿದಾಗ ಅದು ಬಹಳ ಕೆಳಗಿಳಿಯುವುದುಂಟು. ಆಗ ಕಂಪ್ರೆಸರಿಗೆ ಹೊರಡುವ ಶಕ್ತಿ ಸಾಲದೆ, ಅದು ಹೆಚ್ಚು ಕರೆಂಟನ್ನು ಎಳೆದು ಬಿಸಿಯಾಗುತ್ತದೆ. ಇಂತಹ ಮನೆಯಲ್ಲಿ ಸ್ಟೆಬಿಲೈಸರ್ ಇಲ್ಲದೆ ಹೊಸ ಫ್ರಿಜ್ಜು ತಂದಿಟ್ಟರೂ ಅದರ ಗತಿಯೂ ಅದೇ. ವೋಲ್ಟೇಜು ಸರಿಯಾಗಿದ್ದೂ ಟಿಕ್ ಶಬ್ದ ನಿಲ್ಲದಿದ್ದರೆ, ಕಂಪ್ರೆಸರಿನ ಪಕ್ಕಕ್ಕೆ ಸಿಕ್ಕಿಸಿರುವ ರಿಲೇ ಎಂಬ ಸಣ್ಣ ಭಾಗ ಸುಟ್ಟಿರಬಹುದು. ಅದು ಕೆಲವು ನೂರು ರೂಪಾಯಿಯ ಸಾಮಾನು. ಅದಕ್ಕಾಗಿ ಯಾರೂ ಫ್ರಿಜ್ಜು ಬದಲಿಸಬೇಕಾಗಿಲ್ಲ. ಇಲಿ ಕಡಿದ ತಂತಿಯದೂ ಇದೇ ಮಾತು.

ಬಾಗಿಲಿನ ರಬ್ಬರನ್ನು ನೀವೇ ಪರೀಕ್ಷಿಸಬಹುದು. ಕಾಗದದ ಚೂರೊಂದನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸರಾಗವಾಗಿ ಬಂದುಬಿಟ್ಟರೆ ಅಲ್ಲಿಂದ ತಂಪು ಸೋರುತ್ತಿದೆ ಎಂದು ತಿಳಿಯಬೇಕು. ಸಾಬೂನಿನ ಬೆಚ್ಚನೆಯ ನೀರಿನಲ್ಲಿ ಒರೆಸಿದರೆ ಎಷ್ಟೋ ವೇಳೆ ಸರಿಹೋಗುತ್ತದೆ. ಹರಿದಿದ್ದರೆ ರಬ್ಬರು ಮಾತ್ರ ಬದಲಿಸಿದರಾಯಿತು. ಹಿಂದುಗಡೆ ಕರಿಯ ಜಾಲರಿ ಇದ್ದರೆ, ಪ್ಲಗ್ಗು ಕಿತ್ತು ಅದರ ಧೂಳನ್ನು ಕುಂಚದಿಂದ ತೆಗೆಯಿರಿ. ಒಳಗಿನ ಕಾವು ಹೊರಹೋಗುವುದು ಆ ಜಾಲರಿಯಿಂದಲೇ. ಒಲೆಯ ಪಕ್ಕದಲ್ಲಿ, ಗೋಡೆಗೆ ಒತ್ತಿ ನಿಲ್ಲಿಸಿದ ಫ್ರಿಜ್ಜನ್ನು ಒಂದು ಗೇಣು ಸರಿಸಿದ ಮಾತ್ರಕ್ಕೆ ತಂಪು ಮರಳಿದ ಮನೆಗಳಿವೆ. ಫ್ರಿಜ್ಜಿನ ಮೈ ಮುಟ್ಟಿದರೆ ಜುಮ್ಮೆಂದರೆ ಮಾತ್ರ ತಡಮಾಡದೆ ಮೇನ್ ಸ್ವಿಚ್ಚನ್ನು ಆರಿಸಿ, ವೈರ್‌ಮನ್ನನನ್ನು ಕರೆಸಿ ಅರ್ತಿಂಗ್ ನೋಡಿಸಬೇಕು.

ಈಗ ಗ್ಯಾಸಿನ ವಿಷಯ. ಹಣ ಹೆಚ್ಚು ಪೋಲಾಗುವುದು ಇಲ್ಲಿಯೇ. ಫ್ರಿಜ್ಜಿನ ಗ್ಯಾಸು ಅಡುಗೆಯ ಸಿಲಿಂಡರಿನಂತೆ ಉರಿದು ಮುಗಿಯುವುದಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸು ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ. ಕಡಮೆಯಾಗಿದ್ದರೆ ಎಲ್ಲೋ ತೂತಾಗಿದೆ. ತೂತು ಹುಡುಕದೆ ಗ್ಯಾಸು ತುಂಬಿಸುವುದು ಒಡಕು ಕೊಡಕ್ಕೆ ನೀರು ಹೊಯ್ದಂತೆ. ‘ಸೋರಿಕೆ ಎಲ್ಲಿದೆ, ತೋರಿಸಿ’ ಎಂದು ಮೆಕ್ಯಾನಿಕ್ಕನ್ನು ಧೈರ್ಯವಾಗಿ ಕೇಳಿರಿ. ಕೆಲಸ ಬಲ್ಲವನು ಒತ್ತಡ ಕೊಟ್ಟು ಪರೀಕ್ಷಿಸಿ, ತೂತು ಮುಚ್ಚಿ, ಫಿಲ್ಟರು ಬದಲಿಸಿ, ಕೊಳವೆಯ ಗಾಳಿಯನ್ನು ಪಂಪಿನಿಂದ ಪೂರ್ತಿ ಹೊರಗೆಳೆದು, ಆಮೇಲೆ ಗ್ಯಾಸನ್ನು ತೂಗಿ ತುಂಬುತ್ತಾನೆ. ತೂತು ಹೊರಗಿನ ಕೊಳವೆಯಲ್ಲಿದ್ದರೆ ಈ ರಿಪೇರಿ ಬಾಳುತ್ತದೆ. ಗೋಡೆಯ ಫೋಮಿನೊಳಗೆ ಹುದುಗಿದ ಕೊಳವೆ ತುಕ್ಕು ಹಿಡಿದು ತೂತಾಗಿದ್ದರೆ, ಹಳೆಯ ಫ್ರಿಜ್ಜಿನ ಆಸೆ ಬಿಡುವುದೇ ಲೇಸು.

ಇನ್ನೊಂದು ಎಚ್ಚರಿಕೆ. ಇತ್ತೀಚಿನ ಬಹಳಷ್ಟು ಮನೆಬಳಕೆಯ ಫ್ರಿಜ್ಜುಗಳಲ್ಲಿರುವುದು ಆರ್ 600ಎ ಎಂಬ ಗ್ಯಾಸು. ಹಿಂಬದಿಯ ಚೀಟಿಯಲ್ಲಿ ಅದರ ಹೆಸರಿರುತ್ತದೆ. ಇದು ಬೆಂಕಿ ಹತ್ತುವ ಗ್ಯಾಸು. ಆದುದರಿಂದ ಕಿಟಕಿ ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ, ಒಲೆ ಉರಿಯುತ್ತಿರುವಾಗ, ಈ ರಿಪೇರಿಗೆ ಅವಕಾಶ ಕೊಡಬಾರದು. ಚೀಟಿಯಲ್ಲಿ ಬರೆದದ್ದನ್ನು ಬಿಟ್ಟು ಕೈಗೆ ಸಿಕ್ಕಿದ ಬೇರೆ ಗ್ಯಾಸನ್ನು ತುಂಬಿಸಲೂ ಬಾರದು. ಅಂದಹಾಗೆ, ಕೆಲವು ತೂತುಗಳನ್ನು ಮಾಡಿದವರು ನಾವೇ. ಫ್ರೀಜರಿನಲ್ಲಿ ಕಟ್ಟಿದ ಮಂಜುಗಡ್ಡೆಯನ್ನು ಚಾಕುವಿನಿಂದ ಕೆತ್ತಿದರೆ ಅದರಡಿಯ ತೆಳು ಅಲ್ಯುಮಿನಿಯಮ್ ತಗಡು ತೂತಾಗುತ್ತದೆ. ಫ್ರಿಜ್ಜು ಆರಿಸಿ, ಬಾಗಿಲು ತೆರೆದಿಟ್ಟರೆ ಗಡ್ಡೆ ತಾನಾಗಿಯೇ ಕರಗುವುದು.

ಕಂಪ್ರೆಸರೇ ಹೋಗಿದ್ದರೆ? ಮೊದಲು ಕೊಂಡಾಗಿನ ರಸೀತಿಯನ್ನು ಹುಡುಕಿ. ಹಲವು ಕಂಪನಿಗಳು ಕಂಪ್ರೆಸರಿಗೆ 10 ವರ್ಷದವರೆಗೂ ವಾರಂಟಿ ಕೊಡುತ್ತವೆ. ಕೂಲಿ, ಗ್ಯಾಸುಗಳ ಖರ್ಚು ಅದರಲ್ಲಿ ಸೇರದಿರಬಹುದು, ಕೇಳಿಕೊಳ್ಳಿ. ವಾರಂಟಿ ಮುಗಿದಿದ್ದರೆ ಬಳಕೆಯಲ್ಲಿರುವ ಒಂದು ಅಳತೆ ಇದು: ರಿಪೇರಿ ಖರ್ಚು ಹೊಸದರ ಬೆಲೆಯ ಅರ್ಧವನ್ನು ಮುಟ್ಟಿದರೆ ಹೊಸದೇ ಸರಿ. ಐದಾರು ವರ್ಷದ, ಮೈ ಗಟ್ಟಿಯಿರುವ ಫ್ರಿಜ್ಜಿಗೆ ಇದು ಸಾಕಾದ ಅಳತೆ. ಹತ್ತು ಹನ್ನೆರಡು ವರ್ಷ ದಾಟಿದ್ದಕ್ಕೆ ಅರ್ಧದವರೆಗೂ ಹೋಗಬೇಡಿ ಎಂದು ನಾವು ಹೇಳುತ್ತೇವೆ. ಇಂದು ಕಂಪ್ರೆಸರು ಹಾಕಿಸಿದರೆ ನಾಳೆ ಕೊಳವೆ ಕೈಕೊಟ್ಟೀತು.

ಹಳೆಯದಕ್ಕೆ ಮತ್ತೊಂದು ಖರ್ಚಿದೆ. ಅದು ಮೀಟರಿನಲ್ಲಿ ಅಡಗಿರುತ್ತದೆ. ಫ್ರಿಜ್ಜು ನಡೆಯುತ್ತಿದ್ದರೆ ಅದನ್ನು ಹೀಗೆ ಅಳೆಯಬಹುದು. ರಾತ್ರಿ 10 ಗಂಟೆಗೆ ಫ್ಯಾನು, ದೀಪ, ಎಲ್ಲವನ್ನೂ ಆರಿಸಿ, ಫ್ರಿಜ್ಜೊಂದನ್ನೇ ಬಿಟ್ಟು, ಮೀಟರಿನ ಅಂಕಿಯನ್ನು ದಶಮಾಂಶವೂ ಸೇರಿ ಬರೆದಿಡಿ. ಬೆಳಗ್ಗೆ 6ಕ್ಕೆ ಮತ್ತೆ ನೋಡಿ, ವ್ಯತ್ಯಾಸವನ್ನು ಮೂರರಿಂದ ಗುಣಿಸಿದರೆ ಒಂದು ದಿನದ ಬಳಕೆ ಸುಮಾರಾಗಿ ಸಿಕ್ಕುತ್ತದೆ. ಹಗಲಿನ ಸೆಕೆಗೆ ಸ್ವಲ್ಪ ಹೆಚ್ಚು ಹಿಡಿಯಬೇಕು. ಅದು ಒಂದೂವರೆ ಯೂನಿಟ್ ಬಂತೆನ್ನೋಣ. ಹೊಸ ಫ್ರಿಜ್ಜಿನ ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆ 180 ಯೂನಿಟ್ ಎಂದಿದ್ದರೆ ಅದು ದಿನಕ್ಕೆ ಅರ್ಧ ಯೂನಿಟ್ಟಾಯಿತು. ದಿನಕ್ಕೆ ಒಂದರಂತೆ ತಿಂಗಳಿಗೆ 30 ಯೂನಿಟ್ ಉಳಿತಾಯ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ವರ್ಷಕ್ಕೆ 2,160 ರೂಪಾಯಿ.

ಗೃಹಜ್ಯೋತಿ ಇದೆಯಲ್ಲ, ನಮಗೇಕೆ ಈ ಲೆಕ್ಕ ಎನ್ನುವಿರಾ? 2023ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಬಳಕೆಯ ಸರಾಸರಿಯನ್ನು ಅನುಸರಿಸಿ ಮಿತಿ ಇಟ್ಟಿದ್ದಾರೆ. ಮಿತಿ ದಾಟಿದ ಯೂನಿಟ್ಟಿಗೆ ಹಣ ಕಟ್ಟಬೇಕು. ತಿಂಗಳಿಗೆ 200 ಯೂನಿಟ್ ಮೀರಿದರೆ ಬಿಲ್ಲನ್ನು ಪೂರ್ತಿ ಕಟ್ಟಬೇಕು. ಹಗಲೂ ರಾತ್ರಿ ನಿಲ್ಲದೆ ಓಡುವ ರೋಗಿಷ್ಠ ಫ್ರಿಜ್ಜೊಂದೇ ಒಂದು ಮನೆಯನ್ನು ಆ ಗೆರೆ ದಾಟಿಸಬಲ್ಲದು.

ಹೊಸದನ್ನೇ ಕೊಳ್ಳುವುದಾದರೆ ನಕ್ಷತ್ರಗಳನ್ನಷ್ಟೇ ಎಣಿಸದೆ ಚೀಟಿಯಲ್ಲಿ ಬರೆದ ಯೂನಿಟ್ಟಿನ ಸಂಖ್ಯೆಯನ್ನು ಓದಿ. ನಕ್ಷತ್ರದ ಅಳತೆಯನ್ನು ಆಗಾಗ್ಗೆ ಬಿಗಿಗೊಳಿಸುವುದರಿಂದ ಹಿಂದಿನ ಐದು ನಕ್ಷತ್ರವೂ ಈಗಿನ ಐದು ನಕ್ಷತ್ರವೂ ಒಂದೇ ಅಲ್ಲ. ಹಳೆಯದನ್ನು ಅಂಗಡಿಗೆ ಬದಲಿಗೆ ಕೊಡಿ, ಇಲ್ಲವೇ ಕಂಪನಿಯ ಇ-ತ್ಯಾಜ್ಯ ಸಂಗ್ರಹಕ್ಕೆ ಒಪ್ಪಿಸಿ. ಕೊಟ್ಟಿಗೆಯಲ್ಲಿ ಹಿಂಡಿ ಬೂಸಾ ತುಂಬಿಡಲು ಇಟ್ಟುಕೊಳ್ಳುವುದಾದರೆ ಬಾಗಿಲನ್ನು ಕಳಚಿಯೇ ಇಡತಕ್ಕದ್ದು. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಒಳಗೆ ಹೊಕ್ಕು ಬಾಗಿಲು ಮುಚ್ಚಿಕೊಂಡರೆ ಉಸಿರಾಡಲು ಗಾಳಿ ಇರುವುದಿಲ್ಲ, ಕೂಗಿದರೂ ಹೊರಗೆ ಕೇಳಿಸುವುದಿಲ್ಲ.