ಒಮ್ಮೆ ಎದ್ದ ಗೊಬ್ಬರ ಮತ್ತೆ ಯಾಕೆ ಏಳೋದಿಲ್ಲ?



ಮಗುವಿಗೆ ಗೊಬ್ಬರ ಅಂದರೆ ದಡಾರ ಎದ್ದಾಗ ಮನೆಯ ಹಿರಿಯರು, "ಒಮ್ಮೆ ಎದ್ದು ಹೋದ್ರ ಮತ್ತ ಏಳಂಗಿಲ್ಲ ಬಿಡವಾ" ಅನ್ನುತ್ತಾರೆ. ಈ ಮಾತು ಬಹುಮಟ್ಟಿಗೆ ನಿಜ. ದೂರದ ಫೆರೋ ದ್ವೀಪಗಳಲ್ಲಿ 1781ರಲ್ಲಿ ದಡಾರ ಬಂದು ಹೋಗಿತ್ತು. ಮತ್ತೆ ಬಂದದ್ದು 65 ವರ್ಷದ ನಂತರ, 1846ರಲ್ಲಿ. ಆಗ ಸುಮಾರು 7,800 ಜನರಲ್ಲಿ 6,000 ಮಂದಿ ಹಾಸಿಗೆ ಹಿಡಿದರು. ಆದರೆ ಹಿಂದೆ ಚಿಕ್ಕಂದಿನಲ್ಲಿ ದಡಾರ ಕಂಡಿದ್ದ ಮುದುಕ-ಮುದುಕಿಯರಲ್ಲಿ ಒಬ್ಬರಿಗೂ ಬರಲಿಲ್ಲ. ಪಾನುಮ್ ಎಂಬ ತರುಣ ವೈದ್ಯರು ಊರೂರು ತಿರುಗಿ ಇದನ್ನು ಬರೆದಿಟ್ಟರು. 65 ವರ್ಷ ನೆನಪಿಟ್ಟಿದ್ದು ಮನಸ್ಸಲ್ಲ, ಮೈ!

ಮೈ ಹೇಗೆ ನೆನಪಿಡುತ್ತದೆ? ರಕ್ತದಲ್ಲಿ ಬಿಳಿ ಕಣಗಳಿವೆ. ಹೊಸ ರೋಗಾಣು ಬಂದಾಗ ಅದಕ್ಕೆ ಸರಿಹೊಂದುವ ಕಣಗಳು ಎದ್ದು, ಸಾವಿರಾರು ಆಗಿ ಬೆಳೆಯಲು ವಾರವಾದರೂ ಬೇಕು. ಅಷ್ಟರೊಳಗೆ ನಾವು ಮಲಗಿರುತ್ತೇವೆ. ರೋಗ ವಾಸಿಯಾದ ಮೇಲೆ ಹೆಚ್ಚಿನ ಕಣಗಳು ಸಾಯುತ್ತವೆ, ಕೆಲವು ಮಾತ್ರ ಉಳಿಯುತ್ತವೆ. ಅವುಗಳಲ್ಲಿ ಕೆಲವು ಎಲುಬಿನ ಮಜ್ಜೆಯಲ್ಲಿ ಕುಳಿತು, ರೋಗಾಣುವನ್ನು ಹಿಡಿಯುವ ಪ್ರತಿಕಾಯಗಳನ್ನು ವರ್ಷಗಟ್ಟಲೆ ತಯಾರಿಸುತ್ತವೆ. ಅದೇ ರೋಗಾಣು ಮತ್ತೆ ಬಂದರೆ ನಮಗೆ ಗೊತ್ತಾಗುವ ಮೊದಲೇ ಅದರ ಕಥೆ ಮುಗಿದಿರುತ್ತದೆ.

"ಹಂಗಾದ್ರ ನೆಗಡಿ ಯಾಕ್ರಿ ವರ್ಷಾ ಬರ್ತದ?" ಎಂದು ಕೇಳಬಹುದು. ನೆಗಡಿ ತರುವ ರೋಗಾಣುಗಳು ನೂರಕ್ಕೂ ಹೆಚ್ಚು. ಒಂದರ ನೆನಪು ಇನ್ನೊಂದಕ್ಕೆ ಸಾಲದು. ಡೆಂಗಿಯಲ್ಲಿ 4 ಬಗೆ. ಒಮ್ಮೆ ಡೆಂಗಿ ಆದವರಿಗೆ ಬೇರೆ ಬಗೆಯದು ಬಂದರೆ ಇನ್ನೂ ಜೋರಾಗಬಹುದು. ಆದ್ದರಿಂದ "ನಮಗ ಆಗಿ ಹೋಗ್ಯಾದ" ಎಂದು ನೀರಿನ ಹೌದು, ಕೊಡ ತೆರೆದಿಡಬೇಡಿರಿ.

ಹಾಗಾದರೆ ಗೊಬ್ಬರ ಬಂದೇ ಹೋಗಲಿ, ಸೂಜಿ ಯಾಕೆ? ಇಲ್ಲೇ ಇದೆ ಅಪಾಯ. ದಡಾರದ ರೋಗಾಣು ಆ ನೆನಪಿನ ಕಣಗಳನ್ನೇ ಹೊಕ್ಕು ಸಾಯಿಸುತ್ತದೆ. ನೆದರ್ಲೆಂಡ್ಸ್ ದೇಶದಲ್ಲಿ ಲಸಿಕೆ ಹಾಕಿಸದ 77 ಮಕ್ಕಳ ರಕ್ತವನ್ನು ದಡಾರಕ್ಕೆ ಮೊದಲು ಮತ್ತು ಆಮೇಲೆ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ಬೇರೆ ಬೇರೆ ರೋಗಗಳ ವಿರುದ್ಧ ಮೊದಲೇ ಇದ್ದ ಪ್ರತಿಕಾಯಗಳಲ್ಲಿ ನೂರಕ್ಕೆ 11ರಿಂದ 73ರಷ್ಟು ಅಳಿಸಿಹೋಗಿದ್ದವು. ಗೊಬ್ಬರ ಹೋದ ಮೇಲೆ ಕೂಸಿಗೆ ಭೇದಿ, ನ್ಯುಮೋನಿಯಾ ಹಿಡಿಯುವುದು ಇದರಿಂದಲೂ ಹೌದು. ದೃಷ್ಟಿ ತಗಲಿ ಅಲ್ಲ! ಲಸಿಕೆಯಲ್ಲಿರುವುದು ಶಕ್ತಿಗುಂದಿಸಿದ ರೋಗಾಣು. ಅದು ನೆನಪು ಕೊಡುತ್ತದೆ, ಹಳೆಯ ನೆನಪು ಅಳಿಸುವುದಿಲ್ಲ.

ಹುಟ್ಟಿದ ಕೂಸಿಗೆ ತಾಯಿಯ ಪ್ರತಿಕಾಯಗಳು ಹೊಟ್ಟೆಯಲ್ಲೇ ಬಂದಿರುತ್ತವೆ. ಅವು ಇರುವಾಗ ದಡಾರದ ಸೂಜಿ ಸರಿಯಾಗಿ ಹತ್ತುವುದಿಲ್ಲ. ತಿಂಗಳು ಕಳೆದಂತೆ ಅವು ಕರಗುತ್ತವೆ. ಅದಕ್ಕೇ 9 ತಿಂಗಳು ತುಂಬಿದಾಗ ಮೊದಲ ಸೂಜಿ. ಮೊದಲನೆಯದು ಎಲ್ಲ ಮಕ್ಕಳಿಗೂ ಹತ್ತುವುದಿಲ್ಲವಾದ್ದರಿಂದ 16ರಿಂದ 24 ತಿಂಗಳೊಳಗೆ ಎರಡನೆಯದು. ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ನಡೆದ ಅಭಿಯಾನದಿಂದ ದಡಾರದ ಜೊತೆ ರುಬೆಲ್ಲಾ ಲಸಿಕೆಯೂ ಒಂದೇ ಸೂಜಿಯಲ್ಲಿ ಸಿಗುತ್ತಿದೆ.

ನಮ್ಮ ಕಾಳಗಿ, ಚಿಂಚೋಳಿ ಕಡೆಯ ಊರು-ತಾಂಡಾಗಳಲ್ಲಿ ತಪ್ಪುವುದು ಹೆಚ್ಚಾಗಿ ಈ ಎರಡನೆಯದೇ. ಕೂಸು ಕಟ್ಟಿಕೊಂಡು ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋದಾಗ ತಾಯಿ ಕಾರ್ಡು ಟ್ರಂಕಿನಲ್ಲೇ ಉಳಿಯುತ್ತದೆ. ಗಂಟು ಕಟ್ಟುವಾಗ ಕಾರ್ಡನ್ನೂ ಇಟ್ಟುಕೊಳ್ಳಿರಿ. ಯಾವ ಊರಿನ ಸರ್ಕಾರಿ ದವಾಖಾನೆಯಲ್ಲಾದರೂ ಈ ಸೂಜಿ ಪುಕ್ಕಟೆ. ಸಮಯ ಮೀರಿದ್ದರೂ 5 ವರ್ಷದೊಳಗೆ ಹಾಕುತ್ತಾರೆ. ಕಾರ್ಡು ಕಳೆದಿದ್ದರೆ ಆಶಾ ಅಕ್ಕನನ್ನಾಗಲಿ ನರ್ಸಮ್ಮನನ್ನಾಗಲಿ ಕೇಳಿರಿ.