ಕರಡು ತಿದ್ದುವ ಪರಿಣತರು

೧೯೯೭ನೆಯ ಇಸವಿಯ ಬೇಸಗೆಯಲ್ಲಿ ಕೇರಳದ ರಾಜ್ಯ ಯೋಜನಾ ಮಂಡಲಿಗೆ, ತನ್ನ ಉದ್ಯಮದ ಸಾಫಲ್ಯದಿಂದಲೇ ಹುಟ್ಟಿದ ಒಂದು ಸಂಕಟವು ಎದುರಾಯಿತು. ಹಿಂದಿನ ವರ್ಷದ ಆಗಸ್ಟ್ ೧೭ರಂದು, ಎಂದರೆ ಮಲಯಾಳಿಗಳ ಸಿಂಹಮಾಸದ ಮೊದಲ ದಿನ, ಜನತಾ ಯೋಜನೆಯೆಂಬ ಆಂದೋಲನಕ್ಕೆ ನಾಂದಿಯಾಗಿತ್ತು. ರಾಜ್ಯದ ಯೋಜನಾ ವೆಚ್ಚದಲ್ಲಿ ಶೇಕಡಾ ೩೫ರಿಂದ ೪೦ರಷ್ಟನ್ನು ಸ್ಥಳೀಯ ಸಂಸ್ಥೆಗಳ ಕೈಗೇ ಒಪ್ಪಿಸಬೇಕೆಂದು ಇ. ಕೆ. ನಾಯನಾರ್ ಅವರ ಸರ್ಕಾರವು ನಿಶ್ಚಯಿಸಿದ್ದುದರಿಂದ, ೯೯೦ ಗ್ರಾಮ ಪಂಚಾಯತಿಗಳಲ್ಲಿಯೂ ಸಭೆಗಳು ನೆರೆದು, ಜನರು ತಮ್ಮ ತಮ್ಮ ವಾರ್ಡಿನ ನೀರು, ದಾರಿ, ಶಾಲೆ, ಗದ್ದೆ, ತೋಟಗಳ ವಿಷಯವಾಗಿ ಮನಬಿಚ್ಚಿ ಮಾತನಾಡಿ, ಆ ಮಾತುಗಳು ವರದಿಗಳಾಗಿ, ವರದಿಗಳು ವಿಚಾರಗೋಷ್ಠಿಗಳಲ್ಲಿ ಚರ್ಚಿತವಾಗಿ, ಕಡೆಗೆ ಕಾಮಗಾರಿಗಳ ಕರಡು ಪ್ರಸ್ತಾವಗಳ ರೂಪವನ್ನು ತಳೆದು ರಾಶಿ ರಾಶಿಯಾಗಿ ಬಂದು ಬಿದ್ದಿದ್ದುವು. ಹಣ ಸಿದ್ಧವಾಗಿತ್ತು, ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಆದರೆ ಕರಡುಗಳನ್ನು ಬಿಡಿಸಿ ನೋಡಿದವರಿಗೆ, ಅವುಗಳಲ್ಲಿ ಅನೇಕವು ಇದ್ದ ರೂಪದಲ್ಲಿಯೇ ಕಾರ್ಯಗತವಾದರೆ ಹಣವೂ ಹೋಗಿ ಉತ್ಸಾಹವೂ ಹೋದೀತೆಂಬುದು ಸ್ಪಷ್ಟವಾಯಿತು.

ಇದರಲ್ಲಿ ಆಶ್ಚರ್ಯಪಡತಕ್ಕುದೇನೂ ಇಲ್ಲ. ನಮ್ಮ ಕೇರಿಗೆ ಕುಡಿಯುವ ನೀರು ಬೇಕೆಂದು ಕೇಳುವುದಕ್ಕೆ ಬಾಯಾರಿಕೆಯೊಂದಿದ್ದರೆ ಸಾಕು; ಆ ನೀರು ಯಾವ ಮೂಲದಿಂದ, ಎಷ್ಟು ಎತ್ತರಕ್ಕೆ, ಎಷ್ಟು ಮನೆಗಳಿಗೆ, ಯಾರ ಮೇಲ್ವಿಚಾರಣೆಯಲ್ಲಿ, ಪಂಪು ಕೆಟ್ಟರೆ ಯಾರ ಖರ್ಚಿನಲ್ಲಿ ಹರಿಯಬೇಕೆಂಬುದನ್ನು ಬರೆದು ತೋರಿಸುವುದಕ್ಕೆ ಬೇರೆಯದೇ ಆದ ಅಭ್ಯಾಸ ಬೇಕು. ಆಂದೋಲನದ ನಿಯಮದಂತೆ ಪ್ರತಿಯೊಂದು ಪ್ರಸ್ತಾವದಲ್ಲಿಯೂ ಪೀಠಿಕೆ, ಉದ್ದೇಶ, ಫಲಾನುಭವಿಗಳು, ಕೆಲಸದ ವಿವರ, ನಡೆಸುವ ಸಂಸ್ಥೆ, ಹಣದ ಲೆಕ್ಕ, ನಿರೀಕ್ಷಿತ ಫಲ, ಉಸ್ತುವಾರಿ ಎಂಬ ಭಾಗಗಳಿರಬೇಕಾಗಿತ್ತು. ಪೀಠಿಕೆಯನ್ನು ಎಲ್ಲರೂ ಸೊಗಸಾಗಿ ಬರೆಯಬಲ್ಲರು. ಫಲಾನುಭವಿಗಳನ್ನು ಆರಿಸುವ ಮಾನದಂಡವೇನೆಂದು ಬರೆಯುವಲ್ಲಿಗೆ ಬಂದಾಗ ಲೇಖನಿ ತಡೆಯುತ್ತದೆ. ಉಸ್ತುವಾರಿಯ ಅಂಕಣಕ್ಕೆ ಬರುವ ವೇಳೆಗೆ ಕಾಗದವೂ ತಾಳ್ಮೆಯೂ ಮುಗಿದಿರುತ್ತವೆ. ಸ್ವತಂತ್ರವಾಗಿ ಯೋಚಿಸಿ ಬರೆಯುವ ವ್ಯವಧಾನವಿಲ್ಲದ ಕಡೆ ಇಲಾಖೆಯ ಹಳೆಯ ಯೋಜನೆಯನ್ನೇ ಹೆಸರು ಬದಲಾಯಿಸಿ ನಕಲು ಮಾಡುವುದೊಂದು ಸುಲಭೋಪಾಯ, ಮತ್ತು ಆ ಉಪಾಯಕ್ಕೆ ಶರಣಾದವರೂ ಕಡಮೆಯಿರಲಿಲ್ಲ.

ಹೀಗೆ, ಆಂದೋಲನದ ಮೂಲ ನಕ್ಷೆಯಲ್ಲಿ ಇಲ್ಲದಿದ್ದ ಒಂದು ಅಂಗವು ಅನಿವಾರ್ಯತೆಯ ಮೂಲಕ ಹುಟ್ಟಿತು. ಸ್ವಯಂಸೇವಾ ತಾಂತ್ರಿಕ ದಳವೆಂದು ಅದನ್ನು ಕರೆದರು. ಆ ಕಾಲಕ್ಕೆ ಕೇರಳದ ಸರ್ಕಾರಿ ನೌಕರರು ಐವತ್ತೈದನೆಯ ವಯಸ್ಸಿಗೇ ನಿವೃತ್ತರಾಗಬೇಕಾಗಿದ್ದಿತು. ಕಣ್ಣು ಕಾಲು ಗಟ್ಟಿಯಾಗಿರುವಾಗಲೇ ಮನೆಯ ಜಗಲಿಗೆ ಸೇರಿಬಿಟ್ಟಿದ್ದ ಇಂಜಿನಿಯರುಗಳು, ಕೃಷಿ ಅಧಿಕಾರಿಗಳು, ವೈದ್ಯರು, ಪಶುವೈದ್ಯರು, ಪ್ರಾಧ್ಯಾಪಕರು, ಬ್ಯಾಂಕಿನ ವ್ಯವಸ್ಥಾಪಕರು ಊರೂರಲ್ಲಿಯೂ ಇದ್ದರು. ವಾರಕ್ಕೆ ಒಂದು ದಿನವನ್ನಾದರೂ ಪಂಚಾಯತಿಯ ಕೆಲಸಕ್ಕೆ ಕೊಡುವಿರಾ ಎಂದು ಕೇಳಿದಾಗ ನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಜನ ಹೆಸರು ಬರೆಸಿದರು. ೧೯೬೨ರಲ್ಲಿ ಹುಟ್ಟಿ ಹಳ್ಳಿ ಹಳ್ಳಿಗಳಲ್ಲಿ ವಿಜ್ಞಾನ ಪ್ರಚಾರ ಮಾಡುತ್ತ ಬಂದಿದ್ದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಮೂರು ದಶಕಗಳ ಪರಿಶ್ರಮವು ನೆಲವನ್ನು ಮೊದಲೇ ಹದಗೊಳಿಸಿದ್ದುದೂ ಈ ಸ್ಪಂದನಕ್ಕೆ ಕಾರಣವಾಗಿರಬೇಕು. ಯೋಜನಾ ಮಂಡಲಿಯ ಉಪಾಧ್ಯಕ್ಷರಾಗಿದ್ದ ಅರ್ಥಶಾಸ್ತ್ರಜ್ಞ ಐ. ಎಸ್. ಗುಲಾಟಿ, ಸದಸ್ಯರಾಗಿದ್ದ ಟಿ. ಎಂ. ಥಾಮಸ್ ಐಸಾಕ್ ಮೊದಲಾದವರು ಈ ವ್ಯವಸ್ಥೆಯ ಹಿಂದೆ ಇದ್ದರು. ಆದರೆ ಬಿಸಿಲಿನಲ್ಲಿ ನಡೆದು ತೋಡಿನ ಅಗಲ ಅಳೆದವರು ಹೆಸರಿಲ್ಲದ ನಿವೃತ್ತರೇ.

ಈ ದಳದವರನ್ನು ಸೇರಿಸಿಕೊಂಡು ಬ್ಲಾಕಿಗೊಂದರಂತೆ ಪರಿಣತ ಸಮಿತಿಗಳು ರಚಿತವಾದುವು. ಸರ್ಕಾರಿ ಹುದ್ದೆಯಲ್ಲಿಲ್ಲದ ತಜ್ಞರು ಅಧ್ಯಕ್ಷರು, ಬ್ಲಾಕಿನ ಮಟ್ಟದ ಅಧಿಕಾರಿಗಳು ಸಂಚಾಲಕರು, ಕೃಷಿ, ನೀರಾವರಿ, ಆರೋಗ್ಯ ಎಂದು ವಿಷಯಕ್ಕೆ ತಕ್ಕಂತೆ ಉಪಸಮಿತಿಗಳು. ಕಡೆಯ ಅನುಮೋದನೆ ಸಂವಿಧಾನೋಕ್ತವಾದ ಜಿಲ್ಲಾ ಯೋಜನಾ ಸಮಿತಿಯದು. ಪರಿಣತರು ಅದರ ಸಲಹೆಗಾರರು ಮಾತ್ರ. ಇಡೀ ಏರ್ಪಾಡಿನಲ್ಲಿ ಅತ್ಯಂತ ವಿವೇಕಯುತವೆಂದು ನನಗೆ ತೋರುವುದು ಅದರ ಒಂದು ನಿಷೇಧ: ಪಂಚಾಯತಿಯು ಆರಿಸಿಕೊಂಡ ಆದ್ಯತೆಯನ್ನು ಬದಲಾಯಿಸುವ ಹಕ್ಕು ಪರಿಣತರಿಗೆ ಇರತಕ್ಕದ್ದಲ್ಲ. ಊರವರು ಸೇತುವೆಯೇ ಬೇಕೆಂದರೆ ಸೇತುವೆಯೇ ಸರಿ. ಆಸ್ಪತ್ರೆ ಬಂದರೆ ಒಳ್ಳೆಯದಿತ್ತು ಎಂದು ಹೇಳುವುದು ಪರಿಣತನ ಕೆಲಸವಲ್ಲ, ಆ ಸೇತುವೆ ಮೊದಲ ಮಳೆಗೆ ಕೊಚ್ಚಿಹೋಗದಂತೆ ನೋಡಿಕೊಳ್ಳುವುದಷ್ಟೆ ಅವನ ಪಾಲಿನದು. ಅಚ್ಚುಕೂಟದಲ್ಲಿ ಕರಡು ತಿದ್ದುವವನು ಅಕ್ಷರವನ್ನು ತಿದ್ದಬಹುದು, ಗ್ರಂಥಕರ್ತನ ಅಭಿಪ್ರಾಯವನ್ನು ತಿದ್ದಲಾಗದು. ಈ ದಳದ ಮರ್ಯಾದೆಯೂ ಅಂತಹದೇ ಆಗಿದ್ದಿತು.

ಇದು ಹೇಳುವಷ್ಟು ಸುಲಭವಲ್ಲವೆಂಬುದನ್ನು ತೋರಿಸಲು, ಉದಾಹರಣೆಗೆಂದು, ಕನ್ನಡಿಗರಿಗೆ ಪರಿಚಿತವಾದ ಕಾಸರಗೋಡಿನ ಉತ್ತರಭಾಗದ ಒಂದು ಕರಡನ್ನು ಕಲ್ಪಿಸಿಕೊಳ್ಳೋಣ. ಎಣ್ಮಕಜೆ, ಕುಂಬ್ಡಾಜೆ, ಪೈವಳಿಕೆಗಳ ಕಡೆ ಅಡಕೆ ತೋಟಗಳ ನಡುವೆ ತೋಡುಗಳು ಹರಿಯುತ್ತವೆ. ಮಳೆಗಾಲ ಕಳೆದು ಪ್ರವಾಹವು ತಗ್ಗಿದ ಬಳಿಕ ಕಲ್ಲು ಮಣ್ಣುಗಳಿಂದ ತೋಡಿಗೆ ಅಡ್ಡವಾಗಿ ಕಟ್ಟವನ್ನು ಕಟ್ಟಿ, ನೀರನ್ನು ನಿಲ್ಲಿಸಿ, ತೋಟಕ್ಕೂ ಬಾವಿಗೂ ತಂಪನ್ನು ಉಳಿಸಿಕೊಂಡು, ಮುಂದಿನ ಮಳೆಗೆ ಮುನ್ನ ಅದನ್ನು ಬಿಡಿಸುವ ಪದ್ಧತಿ ಅಲ್ಲಿ ಪುರಾತನವಾದದ್ದು; ಏತಡ್ಕದ ಕಟ್ಟಗಳಂತೂ ಹೆಸರುವಾಸಿ. ಈಗ ಗ್ರಾಮಸಭೆಯೊಂದು, ವರ್ಷ ವರ್ಷವೂ ಆಳು ಕೂಡಿಸುವ ಕಷ್ಟವನ್ನು ತಾಳಲಾರದೆ, ಇಂಥ ಕಡೆ ಕಿಂಡಿ ಅಣೆಕಟ್ಟೊಂದನ್ನು ಕಟ್ಟಿಸಬೇಕೆಂದು ತೀರ್ಮಾನಿಸಿದೆಯೆಂದು ಇಟ್ಟುಕೊಳ್ಳಿ. ಕರಡಿನಲ್ಲಿ ಸ್ಥಳದ ಹೆಸರಿದೆ, ಅಂದಾಜು ಪಟ್ಟಿಯಿದೆ, ಫಲಾನುಭವಿಗಳು ಎಂಬಲ್ಲಿ ‘ವಾರ್ಡಿನ ಕೃಷಿಕರು’ ಎಂದಿದೆ. ನಿವೃತ್ತ ನೀರಾವರಿ ಇಂಜಿನಿಯರೊಬ್ಬರು ಆ ಕಾಗದವನ್ನು ಹಿಡಿದು ಪಂಚಾಯತಿಯ ಸದಸ್ಯರೊಡನೆ ತೋಡಿಗೆ ಇಳಿಯುತ್ತಾರೆ. ತಳದಲ್ಲಿ ಬಂಡೆಯಿದೆಯೇ, ಮರಳೇ? ನಿಂತ ನೀರು ಮೇಲಕ್ಕೆ ಎಷ್ಟು ದೂರ ವ್ಯಾಪಿಸುವುದು, ಆ ಅಂತರದಲ್ಲಿ ಎಷ್ಟು ತೋಟ, ಎಷ್ಟು ಬಾವಿ? ಕೆಳಗಡೆಯ ತೋಟದವರಿಗೆ ಬರುತ್ತಿದ್ದ ನೀರಿನ ಗತಿಯೇನು, ಅವರ ಒಪ್ಪಿಗೆಯನ್ನು ಕೇಳಿದ್ದೀರಾ? ಒಂದೇ ದೊಡ್ಡ ಅಣೆಕಟ್ಟಿನ ಹಣದಲ್ಲಿ, ಒಂದರ ಹಿನ್ನೀರು ಮತ್ತೊಂದರ ಬುಡಕ್ಕೆ ಮುಟ್ಟುವಂತೆ ನಾಲ್ಕಾರು ಸಣ್ಣವನ್ನು ಸಾಲಾಗಿ ಕಟ್ಟಬಹುದಲ್ಲವೇ? ಕಡೆಯದಾಗಿ, ಕೇಳುವವರಿಗೆ ಕ್ಷುಲ್ಲಕವೆಂದು ತೋರುವ, ಆದರೆ ಎಲ್ಲವೂ ಅದರ ಮೇಲೆಯೇ ನಿಂತಿರುವ ಒಂದು ಪ್ರಶ್ನೆ: ಮಳೆ ನಿಂತ ಮೇಲೆ ಕಿಂಡಿಗಳಿಗೆ ಹಲಗೆ ಹಾಕುವವರು ಯಾರು, ಮಳೆಗೆ ಮೊದಲು ತೆಗೆಯುವವರು ಯಾರು, ತೆಗೆದ ಹಲಗೆಗಳನ್ನು ಯಾರ ಕೊಟ್ಟಿಗೆಯಲ್ಲಿ ಇಡುವುದು?

ಹಲಗೆಯ ಪ್ರಶ್ನೆಗೆ ಉತ್ತರವಿಲ್ಲದ ಕಿಂಡಿ ಅಣೆಕಟ್ಟುಗಳನ್ನು ಕೇರಳ, ಕರ್ನಾಟಕ ಎರಡೂ ರಾಜ್ಯಗಳ ಕರಾವಳಿಯಲ್ಲಿ ನೋಡಬಹುದು. ಹಲಗೆ ಕಾಣೆಯಾಗಿ, ಅಥವಾ ಕುಂಬಾಗಿ, ನೀರು ಕಿಂಡಿಯ ಮೂಲಕ ಸ್ವಚ್ಛಂದವಾಗಿ ಹರಿದುಹೋಗುತ್ತಿರಲು, ಕಾಂಕ್ರೀಟಿನ ಕಂಬಗಳು ಬಟ್ಟೆ ಒಣಗಿಸುವುದಕ್ಕೆ ಉಪಯೋಗವಾಗುತ್ತಿರುತ್ತವೆ. ಕರಡಿಗೆ ಒಂದು ಸಾಲನ್ನು ಸೇರಿಸಿ, ಫಲಾನುಭವಿಗಳ ಸಮಿತಿಯೊಂದನ್ನು ಮೊದಲೇ ರಚಿಸಿ, ಅದರ ಕೈಗೆ ಹಲಗೆಯ ಹೊಣೆಯನ್ನು ಬರೆದು ಕೊಟ್ಟಿದ್ದರೆ ಲಕ್ಷಗಟ್ಟಲೆ ರೂಪಾಯಿ ಸಾರ್ಥಕವಾಗುತ್ತಿತ್ತು. ಊರವರು ಬಯಸಿದ್ದನ್ನು ಬದಲಾಯಿಸದೆ, ಬಯಸಿದ್ದು ನಿಜವಾಗಿಯೂ ದೊರೆಯುವಂತೆ ಮಾಡುವುದೆಂದರೆ ಇಂತಹ ಕೆಲಸ. ಹೊಗಳುವವರಿಲ್ಲದ, ಶಂಕುಸ್ಥಾಪನೆಯ ಕಲ್ಲಿನಲ್ಲಿ ಹೆಸರು ಬಾರದ ಕೆಲಸ.

ಇಂಥ ದಳವು ಕ್ರಮೇಣ ಸೊರಗಿದ್ದೇಕೆ? ಅದಕ್ಕೆ ಅಧಿಕಾರವು ಸಾಲದೆ ಹೋಯಿತೆಂದು ಹೇಳುವವರುಂಟು. ಅಧಿಕಾರವು ಹೆಚ್ಚಿದುದೇ ಕಾರಣವೆಂದು ನಾನು ತಿಳಿಯುತ್ತೇನೆ. ಅನಂತರದ ವರ್ಷಗಳಲ್ಲಿ ಕಾಮಗಾರಿಗಳಿಗೆ ತಾಂತ್ರಿಕ ಮಂಜೂರಾತಿ ಕೊಡುವ ಕಾರ್ಯವನ್ನೂ ಪರಿಣತ ಸಮಿತಿಗಳಿಗೆ ವಹಿಸಲಾಯಿತು. ಅದುವರೆಗೆ ಅದು ಇಲಾಖೆಯ ಇಂಜಿನಿಯರುಗಳ ಸ್ವತ್ತಾಗಿತ್ತು. ಅದನ್ನು ಅವರ ಕೈಯಿಂದ ಬಿಡಿಸಿದುದಕ್ಕೆ ಸಕಾರಣವೂ ಇದ್ದಿತು. ಆದರೆ ಸಹಿಯ ಅಧಿಕಾರ ಬಂದ ಕ್ಷಣದಲ್ಲಿ ಸಲಹೆಗಾರನು ಬಾಗಿಲು ಕಾಯುವವನಾಗುತ್ತಾನೆ. ಪಂಚಾಯತಿಯ ಅಧ್ಯಕ್ಷರು ಆತನ ಹತ್ತಿರಕ್ಕೆ ಕರಡನ್ನು ಉತ್ತಮಗೊಳಿಸಿಕೊಳ್ಳಲು ಬರುವುದನ್ನು ಬಿಟ್ಟು, ಒಪ್ಪಿಗೆ ಪಡೆಯಲು ಬರತೊಡಗುತ್ತಾರೆ; ಆತನ ಪ್ರಶ್ನೆಗಳು ಪ್ರಶ್ನೆಗಳಾಗಿ ಉಳಿಯದೆ ಅಡ್ಡಿಗಳಾಗಿ ಕಾಣುತ್ತವೆ; ಮಾರ್ಚ್ ತಿಂಗಳು ಸಮೀಪಿಸಿದಂತೆಲ್ಲ, ಹಣ ಹಿಂದಕ್ಕೆ ಹೋದೀತೆಂಬ ಭಯದಲ್ಲಿ, ಕಟ್ಟು ಕಟ್ಟು ಕಡತಗಳು ಒಂದೇ ಮಧ್ಯಾಹ್ನದಲ್ಲಿ ತೀರಿಹೋಗಬೇಕಾಗುತ್ತದೆ. ನಿವೃತ್ತ ಮನುಷ್ಯನು ವಾರಕ್ಕೊಂದು ದಿನ ಬರುತ್ತೇನೆಂದು ಒಪ್ಪಿಕೊಂಡದ್ದು ಇದಕ್ಕಾಗಿ ಆಗಿರಲಿಲ್ಲ.

೨೦೦೧ರಲ್ಲಿ ಸರ್ಕಾರ ಬದಲಾಯಿತು. ಆಂದೋಲನಕ್ಕೆ ಕೇರಳ ಅಭಿವೃದ್ಧಿ ಯೋಜನೆಯೆಂಬ ಹೊಸ ನಾಮಧೇಯವಾಯಿತು. ಪರಿಣತ ಸಮಿತಿಗಳ ಸ್ಥಾನದಲ್ಲಿ ತಾಂತ್ರಿಕ ಸಲಹಾ ತಂಡಗಳು ಬಂದುವು, ಅವುಗಳಲ್ಲಿ ಅಧಿಕಾರಿವರ್ಗದ ಪಾತ್ರ ಹೆಚ್ಚಿತು. ಇದನ್ನು ಕೇವಲ ಪಕ್ಷದ್ವೇಷವೆಂದು ಬಗೆಯುವುದು ಅನ್ಯಾಯ. ವ್ಯವಸ್ಥೆಯನ್ನು ಕಿತ್ತೆಸೆಯದೆ, ಹಣದ ಹಂಚಿಕೆಯ ಮೂಲತತ್ತ್ವವನ್ನು ಉಳಿಸಿಕೊಂಡೇ ಹೊಸ ಸರ್ಕಾರದವರು ಮುಂದುವರಿದರೆಂಬುದನ್ನು ನೆನೆಯಬೇಕು. ಹನ್ನೊಂದನೆಯ ಪಂಚವಾರ್ಷಿಕ ಯೋಜನೆಯ ಕಾಲಕ್ಕೆ ಜನತಾ ಯೋಜನೆಯ ಹೆಸರು ಮರಳಿತು. ಹನ್ನೆರಡನೆಯದರಲ್ಲಿ ಪ್ರಸ್ತಾವಗಳ ಪರಿಶೀಲನೆ ಬಹುಮಟ್ಟಿಗೆ ಅಧಿಕಾರಿಗಳಿಗೇ ಸೇರಿತು. ೨೦೧೭ರಲ್ಲಿ, ಹದಿಮೂರನೆಯ ಯೋಜನೆಯ ಆರಂಭದಲ್ಲಿ, ಪಂಚಾಯತಿಗಳ ಮಟ್ಟದಲ್ಲಿ ಹೊರಗಿನ ಪರಿಣತರನ್ನೂ ಒಳಗೊಂಡ ಆಸೂತ್ರಣ, ಎಂದರೆ ಯೋಜನಾ, ಸಮಿತಿಗಳಿಗೆ ಜೀವ ಬಂದಿತು. ಹೀಗೆ ಕಾಲು ಶತಮಾನದಲ್ಲಿ ಒಂದೇ ಕೆಲಸವನ್ನು ನಾಲ್ಕಾರು ರೂಪಗಳಲ್ಲಿ ಮಾಡಿಸಿ ನೋಡಿದ ಅನುಭವವು ಕೇರಳಕ್ಕೆ ಇರುವುದು.

ದಳದ ಪುನರುಜ್ಜೀವನದ ಪ್ರಶ್ನೆಯು ಇಲ್ಲಿಯೇ ಏಳುತ್ತದೆ. ೧೯೯೭ರಲ್ಲಿ ಐವತ್ತೈದರ ವಯಸ್ಸಿನಲ್ಲಿ ನಿವೃತ್ತರಾಗಿ ಬಂದವರು ಈಗ ಎಂಬತ್ತನ್ನು ದಾಟಿದ್ದಾರೆ. ಆ ತಲೆಮಾರನ್ನೇ ಮತ್ತೆ ಮತ್ತೆ ಕರೆಯುವುದು ಅವರಿಗೆ ಗೌರವವೂ ಅಲ್ಲ, ಕೆಲಸಕ್ಕೆ ಹಿತವೂ ಅಲ್ಲ. ಅವರು ತಿಳಿದಿದ್ದ ಪ್ರಪಂಚದಲ್ಲಿ ಪ್ಲಾಸ್ಟಿಕ್ ಕಸದ ವಿಲೇವಾರಿ, ಭೂಕುಸಿತ, ಅಂತರ್ಜಲದ ಕುಸಿತಗಳು ಪಂಚಾಯತಿಯ ಮುಖ್ಯ ಚಿಂತೆಗಳಾಗಿರಲಿಲ್ಲ. ೨೦೧೮ರ ಮಹಾಪ್ರವಾಹದ ಬಳಿಕ ಒಂದು ರಸ್ತೆಯ ಕರಡನ್ನು ನೋಡುವ ಕಣ್ಣೇ ಬೇರೆಯಾಗಬೇಕಾಗಿದೆ. ಆದುದರಿಂದ ಭೂವಿಜ್ಞಾನ ಕಲಿತ ತರುಣಿ, ಮಹಿಳೆಯರ ಸ್ವಸಹಾಯ ಜಾಲವಾದ ಕುಟುಂಬಶ್ರೀಯಲ್ಲಿ ಹತ್ತು ವರ್ಷ ಲೆಕ್ಕ ಬರೆದ ಗೃಹಿಣಿ, ಕಾಲೇಜಿನ ಉಪನ್ಯಾಸಕ, ಕೆಲಸದಲ್ಲಿರುವಾಗಲೇ ಭಾನುವಾರವೊಂದನ್ನು ಕೊಡಬಲ್ಲ ಸಹಕಾರಿ ಬ್ಯಾಂಕಿನ ಗುಮಾಸ್ತ ಇವರೆಲ್ಲ ಬರಬೇಕು. ಹಿಂದಿನ ಅರ್ಹತೆಯ ಪಟ್ಟಿಯಲ್ಲಿ ಪದವಿಗೂ ಅಧಿಕಾರಿಯ ಹುದ್ದೆಗೂ ಇದ್ದ ಪ್ರಾಧಾನ್ಯವು ಈ ಬಗೆಯ ಜನರನ್ನು ಹೊರಗೇ ನಿಲ್ಲಿಸಿತ್ತು. ಲೆಕ್ಕದ ಪುಸ್ತಕವನ್ನು ಹತ್ತು ವರ್ಷ ನೋಡಿದವಳಿಗೆ ತಿಳಿದಿರುವ ಸಂಗತಿಗಳು ಯಾವ ಪದವಿಪತ್ರದಲ್ಲಿಯೂ ದೊರೆಯವು. ಹಳಬರು ಪೂರ್ತಿಯಾಗಿ ನಿರ್ಗಮಿಸಬೇಕೆಂದೂ ಅಲ್ಲ. ಒಬ್ಬ ಹಿರಿಯ, ಒಬ್ಬ ಹೊಸಬ ಜೊತೆಯಾಗಿ ಒಂದೇ ಕರಡನ್ನು ಓದಿದರೆ, ತ್ರಿಶೂರಿನ ಬಳಿ ಮುಳಂಕುನ್ನತ್ತುಕಾವಿನಲ್ಲಿರುವ ಸ್ಥಳೀಯಾಡಳಿತ ಸಂಸ್ಥೆಯಲ್ಲಿ ದೊರೆಯುವ ತರಬೇತಿಗೆ ಅದು ಒಳ್ಳೆಯ ಪೂರಕವಾದೀತು.

ಸದಸ್ಯತ್ವಕ್ಕೆ ಅವಧಿಯೊಂದಿರಬೇಕು. ತನ್ನ ಬಂಧುವಿನ, ತನ್ನ ಗುತ್ತಿಗೆದಾರ ಮಿತ್ರನ ಕಾಮಗಾರಿ ಬಂದಾಗ ಎದ್ದು ಹೊರಗೆ ಹೋಗುವ ನಿಯಮವಿರಬೇಕು. ಪ್ರಯಾಣದ ಖರ್ಚನ್ನು ಕೊಡಬೇಕು. ಸೇವೆಯೆಂದ ಮಾತ್ರಕ್ಕೆ ಬಸ್ಸಿನ ಟಿಕೆಟ್ಟನ್ನೂ ಸೇವಾಕರ್ತನೇ ಭರಿಸಬೇಕೆಂಬುದು, ಸ್ವಯಂಸೇವೆಯನ್ನು ಉಳ್ಳವರ ವಿನೋದವನ್ನಾಗಿ ಮಾಡುವ ದಾರಿ. ಎಲ್ಲಕ್ಕಿಂತ ಮುಖ್ಯವಾಗಿ, ಸಮಿತಿಯು ಸೂಚಿಸಿದ ತಿದ್ದುಪಡಿಯನ್ನು ಕಾರಣಸಹಿತವಾಗಿ ಬರೆದು ಗ್ರಾಮಸಭೆಯ ಮುಂದೆ ಓದಬೇಕು, ಸಭೆಗೆ ಅದನ್ನು ನಿರಾಕರಿಸುವ ಹಕ್ಕಿರಬೇಕು. ನಿರಾಕರಣೆಯ ಸಾಧ್ಯತೆಯಿದ್ದಲ್ಲಿ ಪರಿಣತನು ಜನರಿಗೆ ಅರ್ಥವಾಗುವಂತೆ ಮಾತನಾಡಲು ಕಲಿಯುತ್ತಾನೆ.

ನಮ್ಮ ಕರ್ನಾಟಕಕ್ಕೂ ಈ ಮಾತು ಹೊರಗಿನದಲ್ಲ. ೧೯೮೩ರಲ್ಲಿ ರೂಪುಗೊಂಡು ೧೯೮೭ರಲ್ಲಿ ಜಾರಿಗೆ ಬಂದ, ಅಬ್ದುಲ್ ನಜೀರ್ ಸಾಬರ ಹೆಸರಿನೊಡನೆ ಅವಿಚ್ಛಿನ್ನವಾಗಿ ಸೇರಿರುವ ಪಂಚಾಯತ್ ವ್ಯವಸ್ಥೆಯ ಮೂಲಕ ನಾವು ಕೇರಳಕ್ಕಿಂತ ಮೊದಲೇ ದಾರಿ ಹಿಡಿದಿದ್ದೆವು. ೨೦೧೮ರ ಅಕ್ಟೋಬರ್ ೨ರಿಂದ ದೇಶವ್ಯಾಪಿಯಾಗಿ ನಡೆದ ಜನಯೋಜನಾ ಅಭಿಯಾನದಲ್ಲಿ ನಮ್ಮ ಗ್ರಾಮ ಪಂಚಾಯತಿಗಳೂ ಅಭಿವೃದ್ಧಿ ಯೋಜನೆಗಳನ್ನು ಬರೆದುವು. ಆದರೂ ಕ್ರಿಯಾಯೋಜನೆಯೆಂದರೆ ಚರಂಡಿ ಮತ್ತು ಕಾಂಕ್ರೀಟ್ ರಸ್ತೆಗಳ ಪಟ್ಟಿಯೆಂಬ ಭಾವನೆ ಪೂರ್ತಿ ಹೋಗಿಲ್ಲ. ಅಭಿವೃದ್ಧಿ ಅಧಿಕಾರಿಯೊಬ್ಬರೇ ಕರಡನ್ನು ಬರೆದು, ಅವರೇ ಓದಿ, ಅವರೇ ತಿದ್ದಬೇಕಾದಲ್ಲಿ ಬೇರೆ ಫಲವನ್ನು ನಿರೀಕ್ಷಿಸುವುದು ಅವರಿಗೇ ಮಾಡುವ ಅನ್ಯಾಯ.

ಕಾಸರಗೋಡಿನ ಕನ್ನಡ ಪಂಚಾಯತಿಗಳಲ್ಲಿ ಇದರ ಮೇಲೆ ಇನ್ನೊಂದು ತೊಡಕುಂಟು. ೧೯೫೬ರ ನವೆಂಬರ್ ೧ರವರೆಗೆ ದಕ್ಷಿಣ ಕನ್ನಡಕ್ಕೆ ಸೇರಿದ್ದ ಈ ನೆಲಕ್ಕೆ ತಿರುವನಂತಪುರದಿಂದ ಹೊರಡುವ ಮಾರ್ಗಸೂಚಿಗಳು ಸಹಜವಾಗಿಯೇ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುವುವು. ಗ್ರಾಮಸಭೆಯಲ್ಲಿ ಕನ್ನಡ, ತುಳುಗಳಲ್ಲಿ ಆಡಿದ ಮಾತು ಅಲ್ಲಿಂದ ಕಡತಕ್ಕೆ ಏರುವ ವೇಳೆಗೆ ಎರಡು ಕೈ ಬದಲಾಗಿರುತ್ತದೆ. ತೋಡಿನ ಯಾವ ತಿರುವಿನಲ್ಲಿ ಕಟ್ಟ ನಿಲ್ಲುವುದೆಂದು ಅಜ್ಜನೊಬ್ಬನು ತುಳುವಿನಲ್ಲಿ ಹೇಳಿದುದು ಕರಡಿನಲ್ಲಿ ಉಳಿಯಬೇಕಾದರೆ, ಎರಡು ಮೂರು ಭಾಷೆಗಳನ್ನು ಬಲ್ಲ ಅಲ್ಲಿನ ನಿವೃತ್ತ ಉಪಾಧ್ಯಾಯರು ಇಂಜಿನಿಯರನ ಜೊತೆಯಲ್ಲಿ ಕುಳಿತಿರಬೇಕು. ಅಂಥವರಿಗೆ ಆ ಪ್ರದೇಶದಲ್ಲಿ ಬರವಿಲ್ಲ. ಅವರ ಹೆಸರುಗಳ ಪಟ್ಟಿಯನ್ನು ಗ್ರಾಮಸಭೆ ಸೇರುವ ಮೊದಲೇ, ಮಳೆಗಾಲದಲ್ಲಿಯೇ, ಸಿದ್ಧಪಡಿಸಿ ಇಡುವುದು ಪಂಚಾಯತಿಗೆ ಅಸಾಧ್ಯವಾದ ಕೆಲಸವಲ್ಲ. ಕರಡುಗಳು ಬಂದ ಮೇಲೆ ಹುಡುಕಲು ಹೊರಟರೆ ಮಾರ್ಚ್ ಬಂದುಬಿಡುತ್ತದೆ.