ಬೀಗದ ಕೈ ಯಾರಲ್ಲಿ?

ಬಹಳ ವರ್ಷಗಳ ಹಿಂದೆ ನಾನು ಕನ್ನಡ ಪಂಡಿತನಾಗಿದ್ದ ಒಂದು ಪ್ರೌಢಶಾಲೆಯಲ್ಲಿ ಪುಸ್ತಕದ ಬೀರುಗಳು ಎರಡಿದ್ದವು. ಒಂದಕ್ಕೆ ಗಾಜಿನ ಬಾಗಿಲು, ಇನ್ನೊಂದು ಕಬ್ಬಿಣದ್ದು. ಗಾಜಿನ ಬೀರುವಿನ ಪುಸ್ತಕಗಳನ್ನು ಮಕ್ಕಳು ಓದುತ್ತಿದ್ದರು. ಕಬ್ಬಿಣದ ಬೀರುವಿನೊಳಕ್ಕೆ ಹೋದ ಪುಸ್ತಕ ಮತ್ತೆ ಹೊರಕ್ಕೆ ಬಂದುದನ್ನು ನಾನು ಕಾಣೆ. ಒಂದು ದಿನ ಹುಡುಗಿಯೊಬ್ಬಳ ತಂದೆ ಒಂದು ಕಾದಂಬರಿಯನ್ನು ಹಿಡಿದುಕೊಂಡು ಬಂದರು. ಪುಟದ ಮೂಲೆಯನ್ನು ಮಡಿಸಿದ್ದರು. "ಪೂರ್ತಿ ಓದಿದಿರಾ?" ಎಂದು ಕೇಳಿದೆ. "ಇಲ್ಲ ಮೇಷ್ಟ್ರೇ, ಈ ಪುಟವೊಂದೇ ಸಾಕಲ್ಲವೆ?" ಎಂದರು. ನಿವೃತ್ತಿಯ ಅಂಚಿನಲ್ಲಿದ್ದ ನಮ್ಮ ಮುಖ್ಯೋಪಾಧ್ಯಾಯರು ಎದ್ದು, ಮರುಮಾತಿಲ್ಲದೆ ಪುಸ್ತಕವನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆಜ್ಞೆಯಿಲ್ಲ, ಕಾಗದವಿಲ್ಲ, ಯಾರ ಸಹಿಯೂ ಇಲ್ಲ. ನಾನೂ ಸುಮ್ಮನಿದ್ದೆ. ಮರುದಿನ ಆ ಹುಡುಗಿ ತರಗತಿ ಮುಗಿದ ಮೇಲೆ ಬಂದು, "ಸಾರ್, ಅರ್ಧ ಓದಿದ್ದೆ, ಮುಂದೇನಾಯಿತು?" ಎಂದು ಕೇಳಿದಳು. ಕಥೆಯ ಉಳಿದರ್ಧವನ್ನು ಬಾಯಲ್ಲಿ ಹೇಳಿದೆ. ಅಷ್ಟೇ ನನ್ನ ಶೌರ್ಯ.

ಗ್ರಂಥನಿಷೇಧವೆಂದರೆ ನಮ್ಮ ಕಣ್ಣ ಮುಂದೆ ಬರುವುದು ಸರ್ಕಾರ, ನ್ಯಾಯಾಲಯ, ಪೊಲೀಸು. ಆದರೆ ಹೆಚ್ಚಿನ ಪುಸ್ತಕಗಳು ಮರೆಯಾಗುವುದು ಹೀಗೆ, ಬೀಗದ ಕೈಯ ಒಂದು ಸುತ್ತಿನಲ್ಲಿ. ಕಾನೂನಿನ ನಿಷೇಧಕ್ಕೆ ಒಂದು ಮರ್ಯಾದೆಯಾದರೂ ಉಂಟು. ಅದು ತನ್ನ ಕಾರಣವನ್ನು ಹೇಳಲೇಬೇಕು.

ಆ ಕಾನೂನಿನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ದಂಡ ಪ್ರಕ್ರಿಯಾ ಸಂಹಿತೆಯ 95ನೆಯ ಕಲಮಿನಲ್ಲಿ ಬಳಸಿರುವ ಮಾತು ನಿಷೇಧವಲ್ಲ, ಮುಟ್ಟುಗೋಲು. ಒಂದು ಪುಸ್ತಕದಲ್ಲಿ ಜನಜನರ ನಡುವೆ ದ್ವೇಷ ಹುಟ್ಟಿಸುವ ಅಥವಾ ಒಂದು ಧರ್ಮದವರ ಭಾವನೆಯನ್ನು ಬೇಕೆಂದೇ ಕೆರಳಿಸುವಂಥ ದಂಡನಾರ್ಹವಾದ ಬರಹವಿದೆಯೆಂದು ರಾಜ್ಯ ಸರ್ಕಾರಕ್ಕೆ ತೋರಿದರೆ, ಅದು ಕಾರಣಗಳನ್ನು ಬರೆದು ಪ್ರಕಟಣೆ ಹೊರಡಿಸಿ, ಅದರ ಪ್ರತಿಗಳೆಲ್ಲವನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದು. 2024ರ ಜುಲೈಯಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ; ಅದರಲ್ಲಿ ಇದೇ ಅಧಿಕಾರ 98ನೆಯ ಕಲಮಿನಲ್ಲಿದೆ. ಇದಕ್ಕೆ ಪ್ರತಿಯಾಗಿ ಓದುಗನಿಗೂ ಒಂದು ಬಾಗಿಲನ್ನು ತೆರೆದಿಟ್ಟಿದ್ದಾರೆ. ಆ ಪುಸ್ತಕದಲ್ಲಿ ಹಿತಾಸಕ್ತಿಯುಳ್ಳ ಯಾರೇ ಆಗಲಿ ಎರಡು ತಿಂಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಕೊಡಬಹುದು. ಅದನ್ನು ಮೂವರು ನ್ಯಾಯಾಧೀಶರ ವಿಶೇಷ ಪೀಠ ವಿಚಾರಿಸಬೇಕು.

ಈ ಬಾಗಿಲನ್ನು ಕನ್ನಡಿಗರು ತಟ್ಟಿದ್ದುಂಟು. ಶ್ರೀ ಪಿ. ವಿ. ನಾರಾಯಣ ಅವರು ಬಸವಣ್ಣನವರ ಕಾಲವನ್ನು ಕುರಿತು ಬರೆದ 'ಧರ್ಮಕಾರಣ' ಎಂಬ ಕಾದಂಬರಿ 1995ರಲ್ಲಿ ಹೊರಬಂದಿತು. ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ದೊರೆಯಿತು. ಅದರಲ್ಲಿ ಬಸವಣ್ಣನವರ ಸೋದರಿ ಅಕ್ಕನಾಗಮ್ಮನವರನ್ನು ಚಿತ್ರಿಸಿದ ರೀತಿ ಅನೇಕರಿಗೆ ನೋವುಂಟುಮಾಡಿತು, ವಿರೋಧ ಬೆಳೆಯಿತು. 1997ರಲ್ಲಿ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ಆಗ ಶ್ರೀ ಬರಗೂರು ರಾಮಚಂದ್ರಪ್ಪನವರೂ ಇತರರೂ ಉಚ್ಚ ನ್ಯಾಯಾಲಯಕ್ಕೆ ಹೋದರು. ಬರಗೂರೆಂದರೆ ದೂರದ ಊರಲ್ಲ, ನಮ್ಮ ಹಿರಿಯೂರಿನ ನೆರೆಯ ಶಿರಾ ತಾಲ್ಲೂಕಿನದೇ. ಅಲ್ಲಿ ಸೋತು ಸರ್ವೋಚ್ಚ ನ್ಯಾಯಾಲಯದವರೆಗೂ ನಡೆದರು. 2007ರ ಮೇ ತಿಂಗಳಲ್ಲಿ ಅಲ್ಲಿಯೂ ಸೋತರು. ಮುಟ್ಟುಗೋಲು ಸರಿಯೆಂದೇ ತೀರ್ಪಾಯಿತು. ಹತ್ತು ವರ್ಷದ ಶ್ರಮ ಸೋಲಿನಲ್ಲಿ ಮುಗಿದುದನ್ನು ಮುಚ್ಚಿಡಬೇಕಾಗಿಲ್ಲ. ನೋವುಂಡವರ ನೋವೂ ಸುಳ್ಳಲ್ಲ. ಬಸವಣ್ಣನವರ ಹೆಸರನ್ನು ನಿತ್ಯ ನೆನೆಯುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿಲ್ಲ! ಆದರೂ, ಪುಸ್ತಕಕ್ಕೆ ಪುಸ್ತಕದಿಂದ ಉತ್ತರ ಕೊಡಬಹುದಾಗಿತ್ತೆಂದೇ ನನ್ನ ಎಣಿಕೆ. ಕಲ್ಯಾಣದಲ್ಲಿ ಗಲಭೆಯಾದಾಗ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂಬ ಐತಿಹ್ಯವನ್ನು ಕೇಳುತ್ತ ಬೆಳೆದವರು ನಾವು. ಮನೆಮನೆಯಲ್ಲಿ ಅಡಗಿದ್ದ ಆ ಓಲೆಗಳನ್ನು ಹುಡುಕಿ ಹುಡುಕಿ ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚಿಗೆ ತಂದರು. ಯಾರೋ ಬಚ್ಚಿಟ್ಟು ಉಳಿಸಿದ್ದರಿಂದಲ್ಲವೆ ನಮಗೆ ವಚನಗಳು ಸಿಕ್ಕಿದುದು?

ಇದೇ ಬಾಗಿಲಿನಲ್ಲಿ ಗೆದ್ದವರೂ ಇದ್ದಾರೆ. ಶಿವಾಜಿ ಮಹಾರಾಜರನ್ನು ಕುರಿತು ಜೇಮ್ಸ್ ಲೇನ್ ಎಂಬುವರು ಬರೆದ ಪುಸ್ತಕವನ್ನು ಮಹಾರಾಷ್ಟ್ರ ಸರ್ಕಾರ ಮುಟ್ಟುಗೋಲು ಹಾಕಿದಾಗ ನ್ಯಾಯಾಲಯಕ್ಕೆ ಹೋದವರು ಲೇಖಕರಲ್ಲ, ಓದುವ ಹಕ್ಕನ್ನು ಮುಂದಿಟ್ಟ ಮೂವರು ನಾಗರಿಕರು. ಸರ್ಕಾರ ಕೊಟ್ಟ ಕಾರಣಗಳು ಸಾಲವೆಂದು 2010ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿತು. ಪಕ್ಕದ ತಮಿಳುನಾಡಿನ ಪೆರುಮಾಳ್ ಮುರುಗನ್ ಅವರ ಕಥೆ ಇನ್ನೂ ಹತ್ತಿರದ್ದು. ಊರವರ ಒತ್ತಡಕ್ಕೆ ಮಣಿದು, ತನ್ನೊಳಗಿನ ಬರಹಗಾರ ಸತ್ತನೆಂದು ಅವರೇ ಸಾರಿಕೊಂಡಿದ್ದರು. 2016ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಅವರ ಪರವಾಗಿ ನಿಂತ ಮೇಲೆ ಮತ್ತೆ ಬರೆದರು.

ಇನ್ನು ಪಠ್ಯಪುಸ್ತಕದ ವಿಷಯ. ಇದು ನನ್ನ ಕಸುಬಿಗೆ ಸಂಬಂಧಿಸಿದ್ದು. ಎರಡು ಮಾತು ಹೆಚ್ಚಾದರೆ ಓದುಗರು ಮನ್ನಿಸಬೇಕು. ಗ್ರಂಥಾಲಯದ ಪುಸ್ತಕವನ್ನು ಯಾರೂ ಓದಲೇಬೇಕೆಂದಿಲ್ಲ. ಬೇಡವಾದವರು ಅಲ್ಲಿಯೇ ಬಿಟ್ಟು ಬರಬಹುದು. ಪಠ್ಯಪುಸ್ತಕ ಹಾಗಲ್ಲ. ಚಿತ್ರದುರ್ಗದ ಮಗುವೂ ಓದಬೇಕು, ಬೀದರದ ಮಗುವೂ ಓದಬೇಕು. ಅದರಲ್ಲಿ ನೂರು ಬರಹ ಬಿಟ್ಟು ಹತ್ತನ್ನು ಆರಿಸಲೇಬೇಕು. ಆದುದರಿಂದ ಒಂದು ಪಾಠ ಬೇಡವೆಂದವರನ್ನೆಲ್ಲ ನಿಷೇಧವಾದಿಗಳೆಂದು ಕರೆಯುವುದು ನ್ಯಾಯವಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಯಾರು ತೆಗೆದರು, ಯಾವ ಕಾರಣಕ್ಕೆ, ಆ ವಿಷಯ ಬಲ್ಲವರನ್ನು ಕೇಳಿದರೆ?

2022ರಲ್ಲಿ ಇದೇ ಪ್ರಶ್ನೆ ರಾಜ್ಯವನ್ನೆಲ್ಲ ಕಲಕಿತು. ಶ್ರೀ ರೋಹಿತ್ ಚಕ್ರತೀರ್ಥ ಅವರ ಅಧ್ಯಕ್ಷತೆಯ ಸಮಿತಿಯೊಂದು ಕನ್ನಡ ಭಾಷೆಯ ಮತ್ತು ಸಮಾಜವಿಜ್ಞಾನದ ಪಠ್ಯಗಳನ್ನು ಪರಿಷ್ಕರಿಸಿತ್ತು. ಹಿಂದಿನ ಪುಸ್ತಕಗಳು ಬರಗೂರರ ಸಮಿತಿಯ ಕೈಯಲ್ಲಿ ತಿದ್ದಿಸಿಕೊಂಡವು. ನ್ಯಾಯಾಲಯದಲ್ಲಿ ಸೋತ ಅದೇ ಬರಗೂರರು! ಹೊಸ ಪುಸ್ತಕದಲ್ಲಿ ಏನು ಹೋಯಿತು, ಏನು ಬಂದಿತು ಎಂಬ ಚರ್ಚೆ ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ನಡೆಯಿತು. ಶ್ರೀ ದೇವನೂರ ಮಹಾದೇವ ಅವರು ತಮ್ಮ ಪಾಠಕ್ಕೆ ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡರು. ಇನ್ನೂ ಕೆಲವರು ಹಾಗೆಯೇ ಮಾಡಿದರು. ಹಿರಿಯ ವಿದ್ವಾಂಸರಾದ ಹಂಪ ನಾಗರಾಜಯ್ಯನವರು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನದ ಅಧ್ಯಕ್ಷ ಸ್ಥಾನವನ್ನೇ ಬಿಟ್ಟರು. ಜೂನ್ ತಿಂಗಳಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ದೊಡ್ಡ ಸಭೆ ಸೇರಿತು.

ಆ ಗದ್ದಲದ ನಡುವೆ ನಮ್ಮ ಹೊಸದುರ್ಗ ತಾಲ್ಲೂಕಿನಿಂದ ಹೊರಟ ಒಂದು ಪತ್ರ ಬಹಳ ಕೆಲಸ ಮಾಡಿತು. ಸಾಣೇಹಳ್ಳಿಯ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳನ್ನು ನಮ್ಮ ಕಡೆಯವರು ಬಲ್ಲರು. ವರ್ಷವರ್ಷವೂ ಶಿವಸಂಚಾರದ ನಾಟಕಗಳನ್ನು ಊರೂರಿಗೆ ಕಳಿಸುವವರು ಅವರೇ. ಒಂಬತ್ತನೆಯ ತರಗತಿಯ ಸಮಾಜವಿಜ್ಞಾನದಲ್ಲಿ ಬಸವಣ್ಣನವರನ್ನು ಕುರಿತ ಭಾಗ ತಿರುಚಿಹೋಗಿದೆಯೆಂದು ಅವರು ಮುಖ್ಯಮಂತ್ರಿಗಳಿಗೆ ಬರೆದರು. ಹಿಂದಿನ ಪುಸ್ತಕದಲ್ಲಿ ಬಸವಣ್ಣ ಉಪನಯನವನ್ನು ತಿರಸ್ಕರಿಸಿ ಕೂಡಲಸಂಗಮಕ್ಕೆ ಹೋದರೆಂದಿತ್ತು. ಹೊಸದರಲ್ಲಿ ಉಪನಯನವಾದ ಮೇಲೆ ಹೋದರು, ಶೈವ ಗುರುಗಳಿಂದ ಲಿಂಗದೀಕ್ಷೆ ಪಡೆದರು ಎಂದಾಯಿತು. ಓದುವವರಿಗೆ ಇದು ಒಂದೆರಡು ಪದಗಳ ವ್ಯತ್ಯಾಸವಾಗಿ ಕಾಣಬಹುದು. ಆದರೆ ಜನಿವಾರವನ್ನು ಒಲ್ಲೆನೆಂದು ಎದ್ದು ಹೋದ ಹುಡುಗ, ಜನಿವಾರ ಹಾಕಿಸಿಕೊಂಡು ವಿದ್ಯೆಗೆ ಹೊರಟ ಹುಡುಗ, ಇಬ್ಬರೂ ಒಬ್ಬನೇ ಆಗುವುದು ಹೇಗೆ? ಕನ್ನಡ ಹೇಳಿಕೊಡುವ ನನಗೆ ಆ ಪತ್ರದ ಗುಣ ಹಿಡಿಸಿದ್ದು ಇದೇ ಕಾರಣಕ್ಕೆ. ಪುಸ್ತಕವನ್ನು ಸುಡಿರಿ ಎನ್ನಲಿಲ್ಲ. ಯಾವ ಮಾತು ತಪ್ಪು, ಏಕೆ ತಪ್ಪು ಎಂದು ತೋರಿಸಿತು.

ಪರಿಣಾಮವೇನಾಯಿತು? ಆ ಜೂನ್ ತಿಂಗಳಲ್ಲಿಯೇ ಸಮಿತಿಯನ್ನು ವಿಸರ್ಜಿಸಿದುದಾಗಿ ಸರ್ಕಾರ ಹೇಳಿತು. ಕೆಲವು ತಿದ್ದುಪಡಿಗಳಾದವು. ಅಂಬೇಡ್ಕರರು ಸಂವಿಧಾನದ ಶಿಲ್ಪಿ ಎಂಬ, ಬಿಟ್ಟುಹೋಗಿದ್ದ ಮಾತು ಮತ್ತೆ ಪುಸ್ತಕಕ್ಕೆ ಬಂದಿತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಹೆಡಗೇವಾರ್, ಸಾವರ್ಕರ್ ಮುಂತಾದವರ ಪಾಠಗಳನ್ನು ಕೈಬಿಡಲು ಸಂಪುಟ ತೀರ್ಮಾನಿಸಿತು. ಒಂದು ಸರ್ಕಾರ ಹಾಕಿದ್ದನ್ನು ಇನ್ನೊಂದು ತೆಗೆಯುವುದು, ಇದು ತೆಗೆದುದನ್ನು ಅದು ಹಾಕುವುದು! ಮಧ್ಯೆ ನಿಂತ ಮೇಷ್ಟ್ರ ಕೈಯಲ್ಲಿ ಸುತ್ತೋಲೆಗಳ ಕಟ್ಟು ಬೆಳೆಯುತ್ತ ಹೋಯಿತು.

ಹೋರಾಟದ ಒಂದು ವಿಚಿತ್ರ ಫಲವನ್ನೂ ಹೇಳಬೇಕು. ಅನುಮತಿ ಹಿಂತೆಗೆದುಕೊಂಡ ಲೇಖಕರ ಬರಹಗಳನ್ನು ಬೋಧನೆಗೂ ಪರೀಕ್ಷೆಗೂ ತೆಗೆದುಕೊಳ್ಳಬಾರದೆಂದು ಆ ವರ್ಷದ ನಡುವೆ ಆದೇಶ ಬಂದಿತು. ಪುಸ್ತಕ ಅಚ್ಚಾಗಿ ಮಕ್ಕಳ ಚೀಲದಲ್ಲಿ ಕುಳಿತಾಗಿತ್ತು. "ಈ ಪಾಠ ಬಿಡಿ" ಎಂದರೆ ಹುಡುಗರು ಬಿಡುತ್ತಾರೆಯೆ? ಪರೀಕ್ಷೆಗೆ ಇರುವ ಪಾಠವನ್ನು ಓದದವರೂ ಇಲ್ಲದ ಪಾಠವನ್ನು ಅಂದೇ ರಾತ್ರಿ ಓದಿಬಂದಿದ್ದರು. ಲೇಖಕರ ಆತ್ಮಗೌರವದ ಮಾತು ನನಗೆ ಅರ್ಥವಾಗುತ್ತದೆ. ಆದರೆ ಪುಸ್ತಕವನ್ನು ಉಳಿಸಲು ಹೊರಟವರ ಬರಹವೇ ತರಗತಿಯಿಂದ ಹೊರಗುಳಿದುದು ನನ್ನ ಮನಸ್ಸಿಗೆ ಹಿತವಾಗಲಿಲ್ಲ.

ಪುಸ್ತಕಗಳನ್ನು ಮಕ್ಕಳ ಕೈಯಿಂದ ಕಸಿಯುವುದು ಈ ಕಾಲದ ಹೊಸ ರೋಗವೇನೂ ಅಲ್ಲ. ಅ. ನ. ಕೃಷ್ಣರಾಯರ 'ನಗ್ನಸತ್ಯ', 'ಶನಿಸಂತಾನ'ಗಳ ಮೇಲೆ ಅಶ್ಲೀಲವೆಂಬ ಆರೋಪ ಬಂದು, ಅವರು 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ತಳುಕಿನ ಮನೆತನದ ನಮ್ಮ ತ. ರಾ. ಸುಬ್ಬರಾಯರ 'ಮಸಣದ ಹೂವು' ವೇಶ್ಯೆಯರ ಬಾಳಿನ ಕಥೆ. ಅದನ್ನು ನಮ್ಮ ಮನೆಯಲ್ಲಿ ಅಜ್ಜಿ ಅಕ್ಕಿಯ ಡಬ್ಬದ ಹಿಂದೆ ಇಡುತ್ತಿದ್ದರೆಂದು ತಂದೆ ನಗುತ್ತ ಹೇಳುತ್ತಿದ್ದರು. ಅದೇ ತ. ರಾ. ಸು. ಅವರ 'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ದುರ್ಗದವರಿಗೆಲ್ಲ ಹೆಮ್ಮೆ.

ಹೊರದೇಶದ ಒಂದು ಮಾತು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಐಲೆಂಡ್ ಟ್ರೀಸ್ ಎಂಬಲ್ಲಿ ಶಾಲಾ ಮಂಡಲಿಯವರು 1976ರಲ್ಲಿ ಕೆಲವು ಪುಸ್ತಕಗಳನ್ನು ಶಾಲೆಯ ಗ್ರಂಥಾಲಯದಿಂದ ತೆಗೆಸಿದರು. ಸ್ಟೀವನ್ ಪೀಕೋ ಎಂಬ ವಿದ್ಯಾರ್ಥಿ ಕೆಲವು ಗೆಳೆಯರೊಡನೆ ಮೊಕದ್ದಮೆ ಹೂಡಿದ. 1982ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಹುಡುಗರ ಕಡೆಗೆ ವಾಲಿತು. ಅದರಲ್ಲಿನ ಅಭಿಪ್ರಾಯದಂತೆ, ಯಾವ ಪುಸ್ತಕ ಕೊಳ್ಳಬೇಕೆಂಬುದರಲ್ಲಿ ಮಂಡಲಿಗೆ ಸ್ವಾತಂತ್ರ್ಯವುಂಟು. ಆದರೆ ಅದರಲ್ಲಿರುವ ವಿಚಾರ ತಮಗೆ ಹಿಡಿಸದೆಂಬ ಒಂದೇ ಕಾರಣಕ್ಕೆ ಇರುವುದನ್ನು ತೆಗೆಯುವಂತಿಲ್ಲ. ಕೊಳ್ಳದಿರುವುದಕ್ಕೂ ತೆಗೆಯುವುದಕ್ಕೂ ಇರುವ ಈ ಭೇದವನ್ನು ನಾವೂ ಗಮನಿಸಬೇಕು.

ನಮ್ಮಲ್ಲಿ ಗ್ರಂಥಾಲಯ ಯಾರದು? 1965ರ ಸಾರ್ವಜನಿಕ ಗ್ರಂಥಾಲಯ ಕಾನೂನಿನಂತೆ ಮನೆ, ನಿವೇಶನಗಳ ತೆರಿಗೆಯ ಜೊತೆಗೆ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಕರ ಸೇರುತ್ತದೆ. ಕಂದಾಯದ ರಸೀತಿಯನ್ನು ಒಮ್ಮೆ ತೆಗೆದು ನೋಡಿರಿ. ಹಿರಿಯೂರಿನವರಾಗಲಿ ಹೊಳಲ್ಕೆರೆಯವರಾಗಲಿ ಕೊಡುವ ದುಡ್ಡಿನ ಪುಸ್ತಕಗಳು ಅವು. ದೊಡ್ಡ ನಗರಗಳಿಗೂ ಜಿಲ್ಲೆಗಳಿಗೂ ಒಂದೊಂದು ಗ್ರಂಥಾಲಯ ಪ್ರಾಧಿಕಾರವೂ ಆ ಕಾನೂನಿನಲ್ಲಿದೆ. ಹಳ್ಳಿಯ ಗ್ರಂಥಾಲಯಗಳು ಈಗ ಪಂಚಾಯಿತಿಯ ಕೈಯಲ್ಲಿ ಅರಿವು ಕೇಂದ್ರಗಳಾಗಿವೆ. ಅಲ್ಲಿ ಗ್ರಾಮಸಭೆಯಲ್ಲಿ ಎದ್ದು ಕೇಳಬಹುದು. ಸರ್ಕಾರಿ ಶಾಲೆಗಳಲ್ಲಿ ತಂದೆತಾಯಿಗಳೇ ಕೂಡುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯುಂಟು. ಅದರ ಸಭೆಗೆ ಬಿಸಿಯೂಟದ ದಿನಸಿಯ ಲೆಕ್ಕ ಕೇಳುವವರು ಬರುತ್ತಾರೆ; ಪುಸ್ತಕದ ಬೀರುವಿನ ಲೆಕ್ಕ ಕೇಳಿದವರನ್ನು ನಾನು ಒಬ್ಬರನ್ನೂ ಕಾಣಲಿಲ್ಲ.

ಪುಸ್ತಕವೊಂದು ಹೀಗೆ ಮರೆಯಾಯಿತೆಂದು ತಿಳಿದಾಗ ನಾಲ್ಕಾರು ಮನೆಯವರು ಸೇರಿ ಮಾಡಬಹುದಾದುದು ಬಹಳ ಕಷ್ಟದ್ದಲ್ಲ. ಮೊದಲು ಆ ಪುಸ್ತಕವನ್ನು ಪೂರ್ತಿ ಓದಬೇಕು. ಓದಿದ ಮೇಲೆ ನಮ್ಮ ಮನಸ್ಸೂ ಬದಲಾಗಬಹುದು; ಚಿಕ್ಕ ಮಕ್ಕಳ ಕಪಾಟಿನಿಂದ ದೊಡ್ಡವರ ಕಪಾಟಿಗೆ ಹೋಗುವುದೇ ಸರಿಯೆಂದು ತೋರಬಹುದು. ತಂದೆಯ ಆತಂಕವೂ ಆತಂಕವೇ. ಅವರನ್ನು ಹೊರಗಿಟ್ಟು ಸಭೆ ಮಾಡಬಾರದು. ಆಮೇಲೆ, ಯಾರ ಆದೇಶದ ಮೇಲೆ ತೆಗೆಯಲಾಯಿತೆಂದು ಬರವಣಿಗೆಯಲ್ಲಿ ಕೇಳಬೇಕು. ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನ ಉತ್ತರವೇ ಬರುತ್ತದೆ. 2005ರ ಮಾಹಿತಿ ಹಕ್ಕಿನ ಕಾನೂನಿನಂತೆ ಹತ್ತು ರೂಪಾಯಿ ಶುಲ್ಕ ಕೊಟ್ಟು ಅರ್ಜಿ ಹಾಕಿದರೆ ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಆದೇಶವೇ ಇರಲಿಲ್ಲವೆಂದು ಗೊತ್ತಾದ ಕೂಡಲೇ ಎಷ್ಟೋ ಬೀಗಗಳು ತಾವಾಗಿ ಸಡಿಲವಾಗುತ್ತವೆ. ಹಾಕಿದವರಿಗೂ ಅದೇ ಬೇಕಾಗಿರುತ್ತದೆ.

ಆ ಶಾಲೆಯಿಂದ ನನಗೆ ವರ್ಗವಾದಾಗ ಪುಸ್ತಕಗಳ ದಾಸ್ತಾನು ಒಪ್ಪಿಸಿ ಹೊರಡಬೇಕಾಯಿತು. ಕಬ್ಬಿಣದ ಬೀರುವನ್ನು ತೆಗೆಸಿದೆ. ಆ ಕಾದಂಬರಿ ಅದರಲ್ಲಿರಲಿಲ್ಲ. ರಿಜಿಸ್ಟರಿನಲ್ಲಿ ಅದರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ಕಳೆದುಹೋಗಿದೆ' ಎಂದು ಬರೆದಿತ್ತು. ಅದರ ಕೆಳಗೆ ದಾಸ್ತಾನು ಒಪ್ಪಿಸಿದವನ ಸಹಿಯ ಜಾಗ ಖಾಲಿಯಿತ್ತು. ಅಲ್ಲಿ ಸಹಿ ಹಾಕಿದವನು ನಾನೇ.